ಸಿಸ್ಟರಮ್ಮನ ಕಟ್ಟೆ: ಅಕ್ಕಿ ಡ್ರಮ್ಮಿನಲ್ಲಿ ಹೂತಿಟ್ಟ ಮಾತ್ರೆ

(ಮೂವತ್ತಾರು ವರ್ಷ ಮಾನಸಿಕ ಚಿಕಿತ್ಸೆಯ ವಾರ್ಡುಗಳಲ್ಲಿ ನರ್ಸ್ ಆಗಿದ್ದು, ನಿವೃತ್ತಿಯ ನಂತರ ತಿಪಟೂರಿನ ಬಳಿ ತೆಂಗಿನ ತೋಟದಲ್ಲಿ ನೆಲೆಸಿರುವ ನಮ್ಮ ಅಂಕಣಕಾರ್ತಿ ಓದುಗರಿಗೆ ಉತ್ತರಿಸುತ್ತಾರೆ. ಪತ್ರ ಬರೆದವರ ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇವೆ. – ಸಂ.)

ಪ್ರಶ್ನೆ: ಸಿಸ್ಟರಮ್ಮ ಅವರಿಗೆ ನಮಸ್ಕಾರ. ನಾನು ಪ್ರೈಮರಿ ಶಾಲೆ ಟೀಚರ್. ನನ್ನ ತಮ್ಮನಿಗೆ ಮೂವತ್ತು ವರ್ಷ, ಬೆಂಗಳೂರಿನಲ್ಲಿ ಕೆಲಸ. ಮೂರು ವರ್ಷದ ಹಿಂದೆ, ಯಾರೋ ತನ್ನ ಬಗ್ಗೆಯೇ ಮಾತಾಡಿಕೊಳ್ತಿದ್ದಾರೆ ಅನ್ನೋದು ಶುರುವಾಗಿ, ನಿದ್ದೆ ಕೆಟ್ಟು, ಕೊನೆಗೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ರಾತ್ರಿ ಒಂದು ಮಾತ್ರೆ, ಅಷ್ಟೆ. ಕೆಲಸಕ್ಕೂ ಹೋಗ್ತಿದ್ದಾನೆ. ಹೋದ ತಿಂಗಳು ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ನಮ್ಮಮ್ಮ ಅವನ ಮಾತ್ರೆಗಳನ್ನು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟರು. ಅವನು ನೋಡಿದ, ಏನೂ ಅನ್ನಲಿಲ್ಲ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ, ‘ಇಲ್ಲಿ ಇದನ್ನೆಲ್ಲ ಯಾರೂ ಕೇಳೋದೇ ಇಲ್ಲ, ಶುಗರ್ ಇದ್ದ ಹಾಗೆ. ನಮ್ಮ ಜನವೇ ಸರಿಯಿಲ್ಲ’ ಅಂತಾನೆ. ಹೌದಾ? ಹೆಣ್ಣಿನ ಕಡೆಯವರಿಗೆ ಹೇಳಬೇಕಾ, ಬೇಡವಾ?
– ಒಬ್ಬ ಅಕ್ಕ, ತುರುವೇಕೆರೆ ತಾಲ್ಲೂಕು

ಉತ್ತರ: ಟೀಚರಮ್ಮ, ನಿಮ್ಮ ಕಾಗದದಲ್ಲಿ ನನ್ನನ್ನು ಕುಟುಕಿದ್ದು ಅಕ್ಕಿ ಡ್ರಮ್ಮಲ್ಲ, ‘ಅವನು ನೋಡಿದ, ಏನೂ ಅನ್ನಲಿಲ್ಲ’ ಅನ್ನೋ ಸಾಲು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನಿಮ್ಮ ಚಿಕ್ಕಪ್ಪನ ಮಗನ ವಿಚಾರ.

ಅವನು ಇರುವ ದೇಶದಲ್ಲಿ 1972ರಲ್ಲಿ ಥಾಮಸ್ ಈಗಲ್‌ಟನ್ ಅನ್ನೋ ಸೆನೆಟರ್ ಉಪಾಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಯಾಗಿದ್ದರು. ಹಿಂದೆ ಖಿನ್ನತೆಗೆ ಆಸ್ಪತ್ರೆ ಸೇರಿದ್ದರು, ಕರೆಂಟ್ ಚಿಕಿತ್ಸೆ ತಗೊಂಡಿದ್ದರು ಅನ್ನೋದು ಹೊರಬಿತ್ತು. ಅಭ್ಯರ್ಥಿಯಾದ 18 ದಿನಕ್ಕೆ ಕಣದಿಂದ ಆಚೆ. ಇಂಗ್ಲೆಂಡಿನಲ್ಲಿ, ಮಾನಸಿಕ ಕಾಯಿಲೆಗಾಗಿ ಆರು ತಿಂಗಳಿಗಿಂತ ಹೆಚ್ಚು ಆಸ್ಪತ್ರೆಯಲ್ಲಿ ಕಡ್ಡಾಯವಾಗಿ ಇರಿಸಲ್ಪಟ್ಟ ಸಂಸದನ ಸೀಟು ಹೋಗುವ ಕಾನೂನು ಇತ್ತು. ಅದನ್ನು ತೆಗೆದುಹಾಕಿದ್ದು 2013ರಲ್ಲಿ, ಅಂದರೆ ಮೊನ್ನೆ ಮೊನ್ನೆ. ನಾರ್ವೆಯ ಕಥೆ ಬೇರೆ. ಅಲ್ಲಿನ ಪ್ರಧಾನಿ ಶೆಲ್ ಮಾಗ್ನೆ ಬೊಂಡೆವಿಕ್ 1998ರಲ್ಲಿ ತಮಗೆ ಖಿನ್ನತೆಯಾಗಿದೆ ಅಂತ ದೇಶಕ್ಕೆಲ್ಲ ತಿಳಿಸಿ, ಮೂರು ವಾರಕ್ಕೂ ಮಿಕ್ಕಿ ರಜೆ ಹಾಕಿ ಮನೆಯಲ್ಲಿ ಕೂತರು. ವಾಪಸ್ ಬಂದು ಕೆಲಸ ಮಾಡಿದರು. ಮುಂದೆ 2001ರಲ್ಲಿ ಮತ್ತೆ ಪ್ರಧಾನಿಯಾದರು. ನಮ್ಮಲ್ಲಿ ಒಬ್ಬ ಮಂತ್ರಿ ಹಾಗೆ ರಜಾ ಚೀಟಿ ಬರೆದರೆ ವಿಧಾನಸೌಧದಲ್ಲಿ ಏನೇನು ಮಾತು ಏಳುತ್ತೆ ಅಂತ ಊಹಿಸಿಕೊಂಡು ಒಂದು ಸಲ ನಕ್ಕಿದ್ದೀನಿ. ನಗೋ ವಿಷಯವಲ್ಲ, ಆದರೂ.

2009ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನಮ್ಮ ದೇಶವೂ ಸೇರಿ 27 ದೇಶಗಳಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಹತ್ತುವ ಕಾಯಿಲೆ) ಇರುವ 732 ಜನರನ್ನು ಕೂರಿಸಿಕೊಂಡು ಕೇಳಿದ್ದರು. ಸ್ನೇಹಿತರನ್ನು ಮಾಡಿಕೊಳ್ಳುವಾಗ, ಉಳಿಸಿಕೊಳ್ಳುವಾಗ ತಾರತಮ್ಯ ಕಂಡವರು ನೂರಕ್ಕೆ 47. ಸ್ವಂತ ಮನೆಯವರಿಂದಲೇ ಕಂಡವರು ನೂರಕ್ಕೆ 43. ಕಾಯಿಲೆಯ ಹೆಸರನ್ನು ಮುಚ್ಚಿಡಲೇಬೇಕು ಅನ್ನಿಸಿದವರು ನೂರಕ್ಕೆ 72. ಬಡ ದೇಶ, ಸಿರಿವಂತ ದೇಶ ಅನ್ನದೆ ಎಲ್ಲ ಕಡೆಯೂ ಈ ಮಾತು ಬಂತು. ನಿಮ್ಮ ಚಿಕ್ಕಪ್ಪನ ಮಗನಿಗೆ ಕಾಣದೇ ಇರೋದಕ್ಕೆ ಕಾರಣ, ಅಲ್ಲೂ ಎಲ್ಲರೂ ಮಾತ್ರೆಯನ್ನು ಯಾವುದೋ ಡಬ್ಬಿಯಲ್ಲಿ ಇಟ್ಟಿರಬಹುದು. ಅಲ್ಲಿ ಅಕ್ಕಿ ಡ್ರಮ್ಮು ಇರಲ್ಲ, ಅಷ್ಟೆ.

ಅದೇ ಅಧ್ಯಯನದಲ್ಲಿ ನನ್ನ ನಿದ್ದೆಗೆಡಿಸಿದ ಇನ್ನೊಂದು ವಿಷಯ ಇತ್ತು. ಕೆಲಸ ಹುಡುಕುವಾಗ, ಸಂಬಂಧ ಬೆಳೆಸುವಾಗ ತಮಗೆ ಅವಮಾನ ಆಗಿಯೇ ಆಗುತ್ತೆ ಅಂತ ಹೆದರಿದ್ದರೂ ಅಂಥದ್ದು ನಿಜವಾಗಿ ಆಗಿರದವರೇ ಒಟ್ಟು ಜನರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದರು. ಹೆದರಿಕೊಂಡು ಅವರೇ ಹಿಂದೆ ಸರಿದಿದ್ದರು.

ಈಗ ನನ್ನ ಮನೆಯ ಕಥೆ. ಬರೆಯೋಕೆ ತಮ್ಮನನ್ನು ಕೇಳಿದ್ದೀನಿ, ‘ಬರ್ಕೋ ಅಕ್ಕ, ಇನ್ನೇನಿದೆ’ ಅಂದ. 1986ರಲ್ಲಿ ನನ್ನ ಮದುವೆ. ಅವನಿಗೆ ಆಗ ಇಪ್ಪತ್ತೆರಡು, ಕಾಯಿಲೆ ಶುರುವಾಗಿ ಎರಡು ವರ್ಷ. ಮದುವೆಯ ಮೂರು ದಿನ ಅವನನ್ನು ತೋಟದ ಮನೆಯಲ್ಲಿ ಇರಿಸಿ, ಕಾಯೋಕೆ ಒಬ್ಬ ಆಳನ್ನು ಬಿಟ್ಟರು. ನಾನು ಆಗಲೇ ವಾರ್ಡಿನಲ್ಲಿ ಬಿಳಿ ಸೀರೆ ಉಟ್ಟು, ರೋಗಿಗಳ ಮನೆಯವರಿಗೆ ‘ಮುಚ್ಚಿಡಬೇಡಿ’ ಅಂತ ಭಾಷಣ ಬಿಗಿಯುತ್ತಿದ್ದವಳು. ಅಪ್ಪ ಹೇಳಿದಾಗ ಒಂದು ಮಾತು ಎದುರಾಡಲಿಲ್ಲ. ಮದುವೆ ಮುಗಿಸಿ ತೋಟಕ್ಕೆ ಹೋದರೆ ಅವನು ಕೇಳಿದ್ದು ಒಂದೇ: ‘ವಾಲಗ ಮೈಕಲ್ಲಿ ಚೆನ್ನಾಗಿ ಕೇಳಿಸ್ತಿತ್ತು ಅಕ್ಕ. ಪಾಯಸ ಯಾವುದು ಮಾಡಿಸಿದ್ರು?’

ಆರು ತಿಂಗಳಾದ ಮೇಲೆ, ತುಮಕೂರಿಗೆ ಹೋಗೋ ಬಸ್ಸಿನಲ್ಲಿ ತಡೆಯಲಾಗದೆ ಅತ್ತು ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಕಿಟಕಿ ಕಡೆ ನೋಡ್ತಾ, ‘ಲಗ್ನಪತ್ರಿಕೆಗೆ ಮುಂಚೇನೇ ಗೊತ್ತಿತ್ತು ಕಣೆ. ನಿಮ್ಮೂರ ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಕಾಫಿ ಕುಡಿಯೋಕೆ ಕೂತಿದ್ದಾಗ ಸಪ್ಲೈಯರ್ರೇ ಹೇಳಿದ. ನೀನೇ ಹೇಳ್ತೀಯೇನೋ ಅಂತ ಕಾದೆ’ ಅಂದರು. ಗಂಡಿನ ಕಡೆಯವರಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ನಮ್ಮ ಮುಚ್ಚುಮರೆಯಿಂದ ಪಾಯಸ ತಪ್ಪಿದ್ದು ಒಬ್ಬನಿಗೆ.

ಹಾಗಾಗಿ ಹೇಳಿ. ಆದರೆ ಹೇಗೆ, ಯಾವಾಗ ಅನ್ನೋದಕ್ಕೆ ಲೆಕ್ಕ ಇದೆ. ಮೊದಲ ದಿನ ಕೇಸರಿಬಾತ್ ತಟ್ಟೆ ಮುಂದಿಟ್ಟುಕೊಂಡು ಹೇಳೋ ವಿಷಯ ಅಲ್ಲ. ಎರಡೂ ಕಡೆಗೆ ಒಪ್ಪಿಗೆ ಅನ್ನಿಸಿ, ನಿಶ್ಚಿತಾರ್ಥದ ಮಾತು ಬರುವ ಮುಂಚೆ ಹೇಳಬೇಕು. ಹೇಳುವವನು ನಿಮ್ಮ ತಮ್ಮನೇ ಆಗಿರಬೇಕು, ಕೇಳುವವಳು ಆ ಹುಡುಗಿಯೇ ಆಗಿರಬೇಕು. ಸೋದರಮಾವಂದಿರ ಸಭೆ ಬೇಡ. ‘ಮೂರು ವರ್ಷದ ಹಿಂದೆ ಹೀಗಾಗಿತ್ತು, ಚಿಕಿತ್ಸೆ ಆಯಿತು, ಈಗಲೂ ಒಂದು ಮಾತ್ರೆ ತಗೋತೀನಿ, ಬೇಕಾದರೆ ನಮ್ಮ ಡಾಕ್ಟರ ಹತ್ತಿರ ಬಂದು ಏನು ಬೇಕಾದರೂ ಕೇಳಬಹುದು.’ ಇಷ್ಟು ಸಾಕು. ಅವಳು ಬೇಡ ಅಂದರೆ ಬೇಜಾರಾಗುತ್ತೆ, ಆಗಲಿ. ಮದುವೆಯಾಗಿ ಆರು ತಿಂಗಳಿಗೆ ಹಾಸಿಗೆ ಕೆಳಗೆ ಮಾತ್ರೆಯ ಪಟ್ಟಿ ಸಿಕ್ಕರೆ ಆಗೋದು ಬೇಜಾರಲ್ಲ.

ಕಾನೂನೂ ಅದನ್ನೇ ಹೇಳುತ್ತೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಮುಖ್ಯವಾದ ಸಂಗತಿಯನ್ನು ಮರೆಮಾಚಿ ಮೋಸದಿಂದ ಒಪ್ಪಿಗೆ ಪಡೆದರೆ ಮದುವೆಯನ್ನೇ ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದು. ಹಾಗಂತ ಕಾಯಿಲೆಯ ಹೆಸರೊಂದೇ ವಿಚ್ಛೇದನಕ್ಕೆ ಸಾಲದು. ಸ್ಕಿಜೋಫ್ರೇನಿಯಾ ಅನ್ನೋ ಹಣೆಪಟ್ಟಿ ನೋಡಿ ತೀರ್ಪು ಕೊಡಲಾಗದು, ಅದು ಎಷ್ಟರ ಮಟ್ಟಿಗೆ ಇದೆ ಅನ್ನೋದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಹೇಳಿ ಮಾಡಿದ ಮದುವೆಗೆ ಇದು ಕಾವಲು. ಮುಚ್ಚಿ ಮಾಡಿದ್ದಕ್ಕೆ ಮೊದಲನೆಯದು ಕತ್ತಿ.

ಇನ್ನೊಂದು, ನರ್ಸಮ್ಮನ ಕಿವಿಮಾತು. ಮದುವೆಮನೆಯಲ್ಲಿ ನಾಲ್ಕು ದಿನ ನಿದ್ದೆಗೆಟ್ಟು, ‘ಶುಭಕಾರ್ಯ, ಇವತ್ತೊಂದಿನ ಮಾತ್ರೆ ಬೇಡ’ ಅಂತ ಬಿಟ್ಟು, ಮತ್ತೆ ವಾರ್ಡಿಗೆ ಬಂದ ಮದುಮಕ್ಕಳನ್ನು ಎಷ್ಟು ಜನರನ್ನು ನೋಡಿದ್ದೀನೋ ಲೆಕ್ಕವಿಲ್ಲ. ಕೈಯಲ್ಲಿ ಕಂಕಣ ಇನ್ನೂ ಇರುತ್ತಿತ್ತು. ನಿದ್ದೆ, ಮಾತ್ರೆ ಎರಡೂ ತಪ್ಪಬಾರದು. ‘ಮದುವೆ ಮಾಡಿದರೆ ಸರಿಹೋಗುತ್ತೆ’ ಅನ್ನುವ ನೆಂಟರು ನಿಮ್ಮಲ್ಲೂ ಇರ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ.

ಈಗ ಆ ಸಾಲು. ನಿಮ್ಮಮ್ಮ ಮಾತ್ರೆ ಹೂತಿಟ್ಟದ್ದನ್ನು ಬಂದವರು ನೋಡಲಿಲ್ಲ, ತಮ್ಮ ನೋಡಿದ. ಇವತ್ತೇ ಹೋಗಿ ಮಾತ್ರೆಯನ್ನು ಅಪ್ಪನ ಬಿಪಿ ಮಾತ್ರೆ ಇಡುವ ಗೂಡಿನಲ್ಲಿ, ಅದರ ಪಕ್ಕದಲ್ಲೇ ಇಡಿ. ಭಾಷಣ ಬೇಡ, ಸುಮ್ಮನೆ ಇಡಿ.

ಪ್ರಶ್ನೆ: ‘ಹುಚ್ಚ’ ಅನ್ನಬೇಡಿ, ‘ಮಾನಸಿಕ ಅಸ್ವಸ್ಥ’ ಅನ್ನಿ ಅಂತ ಎಲ್ಲರೂ ತಿದ್ದುತ್ತೀರಿ. ಹೆಸರು ಬದಲಾಯಿಸಿದರೆ ಕಾಯಿಲೆ ಬದಲಾಗುತ್ತದೆಯೇ?
– ನಿವೃತ್ತ ಕನ್ನಡ ಮೇಷ್ಟ್ರು, ಶಿರಾ

ಉತ್ತರ: ಮೇಷ್ಟ್ರೇ, ಕನ್ನಡದ ‘ಹುಚ್ಚು’ ಅಷ್ಟೇನೂ ಕೆಟ್ಟ ಪದವಲ್ಲ ಅಂತ ನಿಮಗೆ ನಾನು ಹೇಳಬೇಕೆ? ಮಳೆಗಾಲದ ಹೊಳೆಗೂ ಹುಚ್ಚು, ಸಂಗೀತದ ಆಸೆಗೂ ಹುಚ್ಚು, ಹುಚ್ಚೆಳ್ಳು ಚಟ್ನಿಯನ್ನಂತೂ ಯಾರೂ ಬೇಡ ಅನ್ನಲ್ಲ. ಪಾವಗಡದ ಕಡೆ ತೆಲುಗಿನಲ್ಲಿ ‘ಪಿಚ್ಚಿ’ ಅಂತಾರೆ, ಅದರಲ್ಲೂ ಅರ್ಧ ಮುದ್ದು ಇರುತ್ತೆ. ಪದ ಕಲ್ಲಾಗೋದು ಒಬ್ಬ ಮನುಷ್ಯನ ಹೆಸರಿನ ಜಾಗಕ್ಕೆ ಅದು ಬಂದು ಕೂತಾಗ. ನನ್ನ ತಮ್ಮನ ಹೆಸರು ನಮ್ಮೂರಿನ ಮಕ್ಕಳಿಗೆ ಹತ್ತು ವರ್ಷ ಗೊತ್ತೇ ಇರಲಿಲ್ಲ.

ಹೆಸರು ಬದಲಾಯಿಸಿ ಏನಾದರೂ ಆಗಿದೆಯಾ ಅಂದರೆ, ಆಗಿದೆ. ಜಪಾನಿನಲ್ಲಿ ಸ್ಕಿಜೋಫ್ರೇನಿಯಾಗೆ ‘ಸೇಶಿನ್ ಬುನ್ರೆತ್ಸು ಬ್ಯೋ’ ಅಂತಿದ್ದರು, ‘ಮನಸ್ಸು ಸೀಳಿದ ಕಾಯಿಲೆ’ ಅಂದ ಹಾಗೆ. ನಮ್ಮ ಪುಸ್ತಕಗಳಲ್ಲಿ ‘ಛಿದ್ರಮನಸ್ಕತೆ’ ಅಂತ ಬರೆಯುತ್ತಾರಲ್ಲ, ಅದರ ಅಣ್ಣ. ಆ ಹೆಸರನ್ನು ರೋಗಿಯ ಮುಖ ನೋಡಿ ಹೇಳಲು ಡಾಕ್ಟರಿಗೇ ಬಾಯಿ ಬರುತ್ತಿರಲಿಲ್ಲ. ರೋಗಿಗಳ ಮನೆಯವರ ಸಂಘ ಹೆಸರು ಬದಲಿಸಿ ಅಂತ ವರ್ಷಗಟ್ಟಲೆ ಕೇಳಿದ ಮೇಲೆ, 2002ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ‘ತೋಗೋ ಶಿಚ್ಚೋ ಶೋ’ ಅಂತ ಮಾಡಿತು. ಮನಸ್ಸಿನ ಎಳೆಗಳು ಒಂದಕ್ಕೊಂದು ಕೂಡಿಬರೋದು ತಪ್ಪಿದೆ ಅಂತ ಅರ್ಥ. ಅದಕ್ಕೆ ಮುಂಚೆ ನೂರರಲ್ಲಿ ಸುಮಾರು 37 ರೋಗಿಗಳಿಗೆ ಮಾತ್ರ ತಮ್ಮ ಕಾಯಿಲೆಯ ಹೆಸರು ಹೇಳುತ್ತಿದ್ದರು. ಎರಡು ಮೂರು ವರ್ಷದಲ್ಲಿ ಅದು 70ರ ಹತ್ತಿರಕ್ಕೆ ಬಂತು. ಕಾಯಿಲೆ ಬದಲಾಗಲಿಲ್ಲ, ಡಾಕ್ಟರ ಬಾಯಿ ಬಿಟ್ಟಿತು. ಕಾಯಿಲೆ ಏನು ಅಂತ ಗೊತ್ತಿಲ್ಲದವನಿಗೆ ಮಾತ್ರೆ ಯಾಕೆ ನುಂಗಬೇಕು ಅಂತ ಹೇಗೆ ಗೊತ್ತಾಗಬೇಕು?

ಅದಾಗಿ ಸುಮಾರು ಹತ್ತು ವರ್ಷಕ್ಕೆ ದಕ್ಷಿಣ ಕೊರಿಯಾದವರು ‘ಜೋಹ್ಯೊನ್‌ಬ್ಯೊಂಗ್’ ಅಂತ ಇಟ್ಟರು. ತಂತಿವಾದ್ಯದ ಶ್ರುತಿ ಸರಿಮಾಡುವುದಕ್ಕೆ ಸಂಬಂಧಿಸಿದ ಪದ ಅದು. ತಂಬೂರಿ ಶ್ರುತಿ ತಪ್ಪಿದರೆ ಯಾರೂ ತಂಬೂರಿಯನ್ನು ಬಾವಿಗೆ ಎಸೆಯಲ್ಲ, ಬಿರಡೆ ತಿರುಗಿಸುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಇದು.

ಆದರೂ ನಿಮ್ಮ ಸಂಶಯಕ್ಕೆ ಅರ್ಧ ಅಂಕ ಕೊಡಲೇಬೇಕು. ಬೆಂಗಳೂರಿನ ಆಸ್ಪತ್ರೆಯನ್ನೇ ನೋಡಿ. ಮೊದಲು ‘ಹುಚ್ಚರ ಆಸ್ಪತ್ರೆ’, 1925ರಲ್ಲಿ ‘ಮಾನಸಿಕ ಆಸ್ಪತ್ರೆ’, 1974ರಲ್ಲಿ ನಿಮ್ಹಾನ್ಸ್. ಈಗ ಕಾಲೇಜು ಹುಡುಗರು ಒಬ್ಬರನ್ನೊಬ್ಬರು ಬೈಯೋದೇ ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ’ ಅಂತ. ದೊಡ್ಡ ದೊಡ್ಡ ಡಾಕ್ಟರುಗಳನ್ನು ತಯಾರು ಮಾಡುವ ಸಂಸ್ಥೆಯ ಹೆಸರೂ ಬೈಗುಳವಾಯಿತು. ಹೆಸರೂ ಬಟ್ಟೆಯ ಹಾಗೆ, ಉಟ್ಟೂ ಉಟ್ಟೂ ಮಾಸುತ್ತೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಬ್ಬ ಹುಡುಗನನ್ನು ದನದ ಕೊಟ್ಟಿಗೆ ಕಂಬಕ್ಕೆ ಸರಪಳಿಯಲ್ಲಿ ಕಟ್ಟಿದ್ದಾರೆ. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಯಾವ ಯಾವುದೋ ದೇವಸ್ಥಾನ, ದರ್ಗಾ ಎಲ್ಲ ಸುತ್ತಿಸಿ ಬಂದರು. ರಾತ್ರಿ ಕೂಗೋದು ಕೇಳಿಸುತ್ತೆ. ಪೊಲೀಸರಿಗೆ ಹೇಳಿದರೆ ಊರಲ್ಲಿ ನಿಷ್ಠುರ. ಏನು ಮಾಡಲಿ?
– ಹೆಸರು ಬೇಡ, ಪಾವಗಡ ತಾಲ್ಲೂಕು

ಉತ್ತರ: ಅಣ್ಣಾ, ಮೊದಲು 2001ರ ಆಗಸ್ಟ್ 6 ನೆನಪಿಸಿಕೊಳ್ಳಿ. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದವರನ್ನು ಇಟ್ಟುಕೊಳ್ಳುವ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ. 28 ಜನ ಹೋದರು. ಮರುದಿನ ನಾನು ಡ್ಯೂಟಿಯಲ್ಲಿದ್ದೆ. ಪೇಪರ್ ನೋಡಿದ ಒಬ್ಬ ರೋಗಿ ತನ್ನ ಕಣಕಾಲಿನ ಹಳೇ ಗಾಯದ ಗುರುತನ್ನು ಸವರಿಕೊಂಡು ಸುಮ್ಮನೆ ಕೂತಿದ್ದ.

ಇದು ನಮ್ಮ ದೇಶದ್ದೊಂದೇ ಪಾಡಲ್ಲ. ಇಂಡೋನೇಷ್ಯಾದಲ್ಲಿ ಮರದ ದಿಮ್ಮಿಗೆ ತೂತು ಕೊರೆದು ಕಾಲು ಸಿಕ್ಕಿಸುವುದಕ್ಕೆ, ಕಟ್ಟಿಹಾಕುವುದಕ್ಕೆ ‘ಪಸುಂಗ್’ ಅಂತಾರೆ. 1977ರಲ್ಲೇ ನಿಷೇಧವಾಗಿದೆ. 2016ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಅನ್ನೋ ಮಾನವ ಹಕ್ಕುಗಳ ಸಂಸ್ಥೆ ವರದಿ ಮಾಡಿದಾಗ ಸುಮಾರು 18,800 ಜನ ಇನ್ನೂ ಹಾಗೇ ಇದ್ದರು. ಬದುಕಿನಲ್ಲಿ ಒಮ್ಮೆಯಾದರೂ ಆ ಪಾಡು ಪಟ್ಟವರು ಸುಮಾರು 57,000. ಕಾನೂನು ಬಂದು ಮೂವತ್ತೊಂಬತ್ತು ವರ್ಷದ ಮೇಲಿನ ಲೆಕ್ಕ ಇದು.

ನಮ್ಮಲ್ಲೂ ಕಾನೂನು ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಯಾವ ರೀತಿಯಲ್ಲೂ ಸರಪಳಿ ಹಾಕುವಂತಿಲ್ಲ. ಮನೆಯೊಳಗೆ ಹಿಂಸೆಯಾಗುತ್ತಿದ್ದರೆ, ನೋಡಿಕೊಳ್ಳದೆ ಬಿಟ್ಟಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು, ಅದು 101ನೇ ಸೆಕ್ಷನ್. ಆದರೆ ನಾಳೆ ಬೆಳಗ್ಗೆಯೇ ಜೀಪು ಕರೆಸಬೇಡಿ. ನನ್ನ ಅನುಭವದಲ್ಲಿ, ಕಟ್ಟಿಹಾಕಿದ ಕೈ ಬಹಳ ಸಲ ಅವರಮ್ಮನದು. ಬಾವಿಗೆ ಬೀಳ್ತಾನೆ, ಬಸ್ಸಿಗೆ ಸಿಕ್ತಾನೆ, ಯಾರಾದರೂ ಕಲ್ಲು ಹೊಡೀತಾರೆ ಅನ್ನೋ ಭಯ. ಕೂಲಿಗೆ ಹೋಗದಿದ್ದರೆ ಒಲೆ ಉರಿಯಲ್ಲ, ಹೋದರೆ ಕಾಯೋರಿಲ್ಲ. ಸರಪಳಿ ಕಂಡು ಬೈಯೋರು ಅವತ್ತೊಂದು ದಿನ ಅವನನ್ನು ನೋಡಿಕೊಳ್ತೀನಿ ಅನ್ನಲ್ಲ.

ಸಂಜೆ ಹೊತ್ತು ಹೋಗಿ ಆ ತಾಯಿ ಹತ್ತಿರ ಕೂತುಕೊಳ್ಳಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಅಲ್ಲಿಂದಲೇ 14416ಕ್ಕೆ ಫೋನ್ ಹಚ್ಚಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಗೂ ಹೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರ್ತಾರೆ ಅಂತ ಕೇಳಿಕೊಳ್ಳಿ. ಹುಡುಗನನ್ನು ಕರೆದೊಯ್ಯುವ ದಿನ ಆಟೋ ನಿಮ್ಮದಾಗಿರಲಿ. ಇದ್ಯಾವುದಕ್ಕೂ ಅವರು ಒಪ್ಪದಿದ್ದರೆ, ಅಥವಾ ಹುಡುಗನಿಗೆ ಅನ್ನನೀರು ಸರಿಯಾಗಿ ಸಿಗದೆ, ಗಾಯ ಕೀವಾಗಿರೋದು ಕಂಡರೆ ನಿಷ್ಠುರ ನೋಡಬೇಡಿ, ಸ್ಟೇಷನ್ನಿಗೆ ಹೋಗಿ.

ದೇವಸ್ಥಾನ ಬಿಡಿ ಅಂತ ಹೇಳಬೇಡಿ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ಎರಡಕ್ಕೂ ಜಗಳವಿಲ್ಲ.

ಆಗುತ್ತಾ ಅಂತೀರಾ? ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಸರ್ಕಾರಿ ಆಸ್ಪತ್ರೆಯ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರ ಜೊತೆ ಸೇರಿ, ಇಂಥ ಕಾಯಿಲೆ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಹುಡುಕಿ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡರು. ಅದಕ್ಕೂ ಮೊದಲು ತೀರ್ಥಹಳ್ಳಿಯಲ್ಲಿ ಮಾಡಿದ್ದರು. ಒಂದು ದಿನವೂ ಔಷಧಿಯ ಮುಖ ನೋಡದವರು ಸಿಕ್ಕಿದ್ದರು. ತುರುವೇಕೆರೆಯಿಂದ ಬೆಂಗಳೂರಿಗೆ ನೂರು ನೂರೈವತ್ತು ಕಿಲೋಮೀಟರು. ದೂರ ಇದ್ದದ್ದು ರಸ್ತೆಯಲ್ಲಲ್ಲ.

ಪ್ರಶ್ನೆ: ನಾವು ಸ್ತ್ರೀಶಕ್ತಿ ಸಂಘದವರು. ಓದಿದವರಲ್ಲ. ಮನಸ್ಸು ಕೆಟ್ಟವರಿಗೆ ನಮ್ಮಂಥವರಿಂದ ಏನಾದರೂ ಆಗುತ್ತಾ?
– ಗುಬ್ಬಿ

ಉತ್ತರ: ಜಿಂಬಾಬ್ವೆ ಅಂತ ಆಫ್ರಿಕಾದಲ್ಲಿ ಒಂದು ದೇಶ. ಅಲ್ಲಿ ಡಿಕ್ಸನ್ ಚಿಬಾಂಡಾ ಅನ್ನೋ ಮನೋವೈದ್ಯರ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ, ಬಸ್ ಚಾರ್ಜಿಗೆ ದುಡ್ಡಿಲ್ಲದೆ ಮುಂದಿನ ಸಲ ಬರಲಾಗದೆ ಪ್ರಾಣ ಕಳೆದುಕೊಂಡಳು. ಆ ಸಂಕಟದಲ್ಲಿ ಅವರು 2006ರಲ್ಲಿ ಹರಾರೆ ಊರಿನ ಎಂಬಾರೆ ಅನ್ನೋ ಬಡಾವಣೆಯ ಹದಿನಾಲ್ಕು ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ಕಿನ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ಒಬ್ಬ ಅಜ್ಜಿ, ಪಕ್ಕದಲ್ಲಿ ಸಂಕಟ ಹೇಳಿಕೊಳ್ಳುವವರು. ಖಿನ್ನತೆ ಅನ್ನೋ ಪದವನ್ನೇ ಬಳಸದೆ ಅಲ್ಲಿನ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಅಂತಾರೆ, ‘ಅತಿಯಾಗಿ ಯೋಚನೆ ಮಾಡೋದು’ ಅಂತ. ‘ಯೋಚನೆ ಹತ್ತಿಬಿಟ್ಟಿದೆ ಕಣಮ್ಮ’ ಅಂತ ನಿಮ್ಮೂರಲ್ಲೂ ಅಂತಾರಲ್ಲ, ಅದೇ. 2016ರಲ್ಲಿ ಅದರ ಫಲಿತಾಂಶ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಜ್ಜಿಯರ ಹತ್ತಿರ ಕೂತವರಲ್ಲಿ ಖಿನ್ನತೆಯ ಲಕ್ಷಣ ನಿಜಕ್ಕೂ ಕಡಿಮೆಯಾಗಿತ್ತು.

ನಿಮಗೆ ಅರಳಿಕಟ್ಟೆ ಇದೆ. ಬೆಂಚು ಮಾಡಿಸೋ ಖರ್ಚೂ ಇಲ್ಲ. ಆದರೆ ಆ ಅಜ್ಜಿಯರು ಕೇಳಿದ್ದನ್ನು ನಲ್ಲಿ ಹತ್ತಿರ ಹೇಳಿಕೊಂಡು ತಿರುಗಲಿಲ್ಲ ಅನ್ನೋದು ನೆನಪಿರಲಿ. ಅದೇ ಕಷ್ಟದ ಭಾಗ.

ಪ್ರಶ್ನೆ: ಇಷ್ಟು ವರ್ಷ ಅವರ ಮಧ್ಯೆ ಇದ್ದೂ ನಿಮಗೇನೂ ಆಗಲಿಲ್ಲವಾ? ತಮಾಷೆಗೆ ಕೇಳ್ತಿಲ್ಲ. ನಮ್ಮ ಹುಡುಗಿ ನರ್ಸಿಂಗ್ ಮುಗಿಸಿ ಸೈಕಿಯಾಟ್ರಿ ವಾರ್ಡಿಗೇ ಹೋಗ್ತೀನಿ ಅಂತಾಳೆ. ಗಂಡು ಸಿಗಲ್ಲ ಅಂತ ಮನೇಲಿ ಗಲಾಟೆ.
– ಒಬ್ಬ ತಂದೆ, ಚಿಕ್ಕನಾಯಕನಹಳ್ಳಿ

ಉತ್ತರ: ಆಯಿತಲ್ಲ, ಮಂಡಿ ನೋವು. ವಾರ್ಡಿನ ಮೆಟ್ಟಿಲು ಹತ್ತಿ ಇಳಿದು.

ಬೆಲ್ಜಿಯಂನಲ್ಲಿ ಖೇಲ್ ಅಂತ ಒಂದು ಊರಿದೆ ಸ್ವಾಮಿ. ಅಲ್ಲಿ ಸಂತ ಡಿಂಫ್ನಾಳ ಚರ್ಚಿಗೆ ಹರಕೆ ಹೊತ್ತು ಬಂದ ಮಾನಸಿಕ ರೋಗಿಗಳಿಗೆ ಜಾಗ ಸಾಲದೆ, ಊರಿನ ರೈತರೇ ಮನೆಯಲ್ಲಿ ಇಟ್ಟುಕೊಳ್ಳೋಕೆ ಶುರು ಮಾಡಿದರು. ಏಳುನೂರು ವರ್ಷಕ್ಕೂ ಹಿಂದಿನ ಮಾತು. 1938ರಲ್ಲಿ ಆ ಒಂದು ಊರಿನ ಮನೆಗಳಲ್ಲಿ 3,736 ಜನ ಹಾಗೆ ಇದ್ದರು. ಮಕ್ಕಳನ್ನು ಆಡಿಸಿಕೊಂಡು, ಹಸು ಮೇಯಿಸಿಕೊಂಡು. ಈಗ ಕಡಿಮೆಯಾಗಿದ್ದಾರೆ, ಆದರೆ ಪದ್ಧತಿ ನಿಂತಿಲ್ಲ. ಅಂಟುವ ಕಾಯಿಲೆಯಾಗಿದ್ದರೆ ಆ ಊರು ಇಷ್ಟು ಹೊತ್ತಿಗೆ ಏನಾಗಬೇಕಿತ್ತು?

ಗಂಡು ಸಿಗುತ್ತೆ. ನನಗೆ ಸಿಕ್ಕಿದರು, ಹೋಟ್ಲಲ್ಲಿ ಎಲ್ಲ ಕೇಳಿಸಿಕೊಂಡೂ ಬಂದವರು. ಮಗಳನ್ನು ಕರೆದುಕೊಂಡು ಒಂದು ಭಾನುವಾರ ತೋಟಕ್ಕೆ ಬನ್ನಿ. ಅಟ್ಟದ ಕಾಯಿ ಒಡೆಯೋ ಕಾಲ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಉಂಡೆಯಾಗಿ ಬಿಟ್ಟಿದೆಯಾ ಇಲ್ಲವಾ ಅಂತ ನನ್ನ ತಮ್ಮ ಹೇಳಿದರೆ ವ್ಯಾಪಾರದವರೂ ಎದುರಾಡಲ್ಲ. ಹುಡುಗಿಗೆ ಅದನ್ನು ಕಲಿಸಿಕೊಡ್ತಾನೆ. ಮಧ್ಯಾಹ್ನ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಪಾಯಸ ಯಾವುದು ಅಂತ ಅವನನ್ನೇ ಕೇಳಿ ಮಾಡ್ತೀನಿ.